ಬರ್ಲಿನ್‌ಗೆ ಹೊಸಬರಾ? ಟಿಕೆಟ್ ತಗೊಂಡ್ರೆ ಸಾಲದು, ಮುದ್ರೆ ಒತ್ತಿ

ನಮ್ಮ ಮಾವ ಬಂದಾಗ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಮಾವ ಶಿವಮೊಗ್ಗದವರು. ಜೀವಮಾನವೆಲ್ಲ ಕೆಂಪು ಬಸ್ಸಿನಲ್ಲಿ ಓಡಾಡಿದವರು, ಒಂದು ದಿನವೂ ಟಿಕೆಟ್ ಇಲ್ಲದೆ ಕೂತವರಲ್ಲ. ಬರ್ಲಿನ್‌ಗೆ ಬಂದ ಮೂರನೇ ದಿನ ಒಬ್ಬರೇ ಸುತ್ತಾಡಲು ಹೊರಟರು. ಮೆಷಿನ್‌ನಲ್ಲಿ ಟಿಕೆಟ್ ತೆಗೆದು, ನೀಟಾಗಿ ಮಡಚಿ, ಅಂಗಿ ಜೇಬಿನಲ್ಲಿಟ್ಟು ಯೂ-ಬಾನ್, ಅಂದರೆ ಇಲ್ಲಿಯ ಮೆಟ್ರೋ, ಹತ್ತಿದರು. ಎರಡು ಸ್ಟೇಷನ್ ಆದ ಮೇಲೆ ಜೀನ್ಸ್ ಹಾಕಿದ್ದ ಹುಡುಗನೊಬ್ಬ ಗುರುತಿನ ಚೀಟಿ ತೋರಿಸಿ ಟಿಕೆಟ್ ಕೇಳಿದ. ಮಾವ ಹೆಮ್ಮೆಯಿಂದಲೇ ಬಿಡಿಸಿ ಕೊಟ್ಟರು. 60 ಯೂರೋ ದಂಡ ಬಿತ್ತು. ಟಿಕೆಟ್ ಇತ್ತು, ಅದರ ಮೇಲೆ ಮುದ್ರೆ ಇರಲಿಲ್ಲ.

"ದುಡ್ಡು ಕೊಟ್ಟೇ ತಗೊಂಡಿದ್ದೀನಲ್ಲಪ್ಪ" ಅಂತ ಕನ್ನಡದಲ್ಲೇ ಹೇಳಿದರಂತೆ. ಮನೆಗೆ ಬಂದು ಅದನ್ನು ರೂಪಾಯಿಗೆ ತಿರುಗಿಸಿ, ಆ ದುಡ್ಡಿಗೆ ಶಿವಮೊಗ್ಗದಿಂದ ಬೆಂಗಳೂರಿಗೆ ಎಷ್ಟು ಸಲ ಹೋಗಿ ಬರಬಹುದಿತ್ತು ಅಂತ ರಾತ್ರಿ ಊಟದವರೆಗೂ ಲೆಕ್ಕ ಹಾಕಿದರು. ತಪ್ಪು ಅವರದ್ದಲ್ಲ, ಹೇಳಿಕೊಡದ ನನ್ನದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮೆಟ್ರೋದಲ್ಲಿ ಟೋಕನ್ ಹಾಕದಿದ್ದರೆ ಗೇಟೇ ತೆರೆಯಲ್ಲ ಅಲ್ವಾ? ಬರ್ಲಿನ್‌ನಲ್ಲಿ ಗೇಟೇ ಇಲ್ಲ. ಮೆಟ್ಟಿಲು ಇಳಿದರೆ ನೇರ ಪ್ಲಾಟ್‌ಫಾರ್ಮ್. ಯಾರೂ ಕೇಳಲ್ಲ ಅನ್ನಿಸುತ್ತದೆ. ಕೇಳುವವರು ಮಫ್ತಿಯಲ್ಲಿ ನಿಮ್ಮ ಪಕ್ಕದಲ್ಲೇ ಕೂತಿರುತ್ತಾರೆ. ಮೆಷಿನ್‌ನಿಂದ ತೆಗೆದ ಕಾಗದದ ಟಿಕೆಟ್ ಸಾಮಾನ್ಯವಾಗಿ ಖಾಲಿ ಚೀಟಿ ಇದ್ದಂತೆ. ಪ್ಲಾಟ್‌ಫಾರ್ಮ್‌ನಲ್ಲಿ ಸೊಂಟದೆತ್ತರಕ್ಕೆ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಯೂ-ಬಾನ್‌ನಲ್ಲಿ ಹಳದಿ, ಎಸ್-ಬಾನ್ ಅನ್ನುವ ಲೋಕಲ್ ರೈಲಿನ ಸ್ಟೇಷನ್‌ಗಳಲ್ಲಿ ಕೆಂಪು. ಅದರ ಬಾಯಿಗೆ ಟಿಕೆಟ್ ತುದಿ ತೂರಿಸಿದರೆ ಟಕ್ ಅಂತ ಸದ್ದಾಗಿ ದಿನ, ಹೊತ್ತು ಅಚ್ಚಾಗುತ್ತದೆ. ಆ ಸದ್ದು ಕೇಳಿಸಿಕೊಂಡು ರೈಲು ಹತ್ತಿ. ಬಸ್ಸು, ಟ್ರಾಮ್‌ಗಳಲ್ಲಿ ಈ ಪೆಟ್ಟಿಗೆ ಒಳಗೇ ಇರುತ್ತದೆ. ನಾಲ್ಕು ಪ್ರಯಾಣದ ಟಿಕೆಟ್ ಕೊಂಡರೆ ಎಲ್ಲಕ್ಕೂ ಒಟ್ಟಿಗೆ ಮುದ್ರೆ ಒತ್ತಬೇಡಿ, ಬೇಕಾದಾಗ ಬೇಕಾದದ್ದಕ್ಕೆ ಮಾತ್ರ.

ಮೊಬೈಲ್ ಆ್ಯಪ್‌ನಲ್ಲಿ ಕೊಂಡರೆ ಮುದ್ರೆಯ ಕಾಟವಿಲ್ಲ. ಆದರೆ ಹತ್ತುವ ಮೊದಲೇ ಕೊಳ್ಳಬೇಕು. ತಪಾಸಣೆಯವರನ್ನು ನೋಡಿ ಫೋನ್ ತೆಗೆದರೆ ಅವರಿಗೆ ಅದೆಲ್ಲ ಹಳೇ ಆಟ.

ಒಂದು ಟಿಕೆಟ್ ಎರಡು ಗಂಟೆ ನಡೆಯುತ್ತದೆ, ಒಂದೇ ದಿಕ್ಕಿಗೆ. ಬಸ್ಸು, ರೈಲು ಎಷ್ಟು ಬೇಕಾದರೂ ಬದಲಿಸಬಹುದು, ಹೋದ ದಾರಿಯಲ್ಲೇ ವಾಪಸ್ ಬರುವಂತಿಲ್ಲ. ಹತ್ತಿರಕ್ಕೆ ಹೋಗುವುದಾದರೆ 'ಕುರ್ತ್ಸ್‌ಶ್ಟ್ರೆಕೆ' ಅಂತ ಅಗ್ಗದ ಟಿಕೆಟ್ ಇದೆ: ರೈಲಿನಲ್ಲಿ ಮೂರು ಸ್ಟೇಷನ್, ಬಸ್ಸಲ್ಲೋ ಟ್ರಾಮಲ್ಲೋ ಆರು ಸ್ಟಾಪ್. ಮನೆ ಮಂದಿಯೆಲ್ಲ ಬಂದಿದ್ದರೆ ಐದು ಜನರವರೆಗೆ ನಡೆಯುವ 24 ಗಂಟೆಯ ಗುಂಪು ಟಿಕೆಟ್ ತೆಗೆದುಕೊಳ್ಳಿ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ತಿಂಗಳುಗಟ್ಟಲೆ ಇರುವವರಿಗೆ ಡಾಯ್ಚ್‌ಲಾಂಡ್ ಟಿಕೆಟ್ ಲೇಸು. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಗಿದ್ದು 2026ರ ಜನವರಿಯಿಂದ 63 ಆಗಿದೆ. ಆದರೂ ಇಡೀ ಜರ್ಮನಿಯ ಸಿಟಿ ಬಸ್ಸು, ಮೆಟ್ರೋ, ಲೋಕಲ್ ರೈಲು ಎಲ್ಲ ಅದರಲ್ಲೇ. ಅದು ಚಂದಾ ಲೆಕ್ಕ, ಪ್ರತಿ ತಿಂಗಳು ತಾನೇ ದುಡ್ಡು ಕಡಿಯುತ್ತದೆ. ನಿಲ್ಲಿಸಬೇಕಾದರೆ ಆ ತಿಂಗಳ 10ನೇ ತಾರೀಕಿನೊಳಗೆ ತಿಳಿಸಬೇಕು. ಅತ್ತೆ ಮಾವ ಊರಿಗೆ ಹೋಗಿ ಎರಡು ತಿಂಗಳಾದ ಮೇಲೂ ಅವರ ಟಿಕೆಟ್‌ಗೆ ದುಡ್ಡು ಕಟ್ಟಿದವರು ನಮ್ಮಲ್ಲಿದ್ದಾರೆ. ಹೆಸರು ಬೇಡ, ಸುಮ್ನೆ ನಗುತ್ತೀರಿ.

ಇನ್ನು ವಲಯಗಳು. ಬೆಂಗಳೂರಿನ ರಿಂಗ್ ರೋಡ್ ನೆನಪಿಸಿಕೊಳ್ಳಿ. ಇಲ್ಲಿ ರಿಂಗ್ ಅನ್ನುವುದು ರೈಲು ದಾರಿ: 37 ಕಿಲೋಮೀಟರ್, 27 ಸ್ಟೇಷನ್, ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ಗಂಟೆ. ಎಸ್41 ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ, ಎಸ್42 ಅದಕ್ಕೆ ಉಲ್ಟಾ. ರಿಂಗ್‌ನ ಒಳಗೆ 'ಎ' ವಲಯ, ಅಲ್ಲಿಂದ ಊರ ಗಡಿವರೆಗೆ 'ಬಿ', ಅದರಾಚೆ 'ಸಿ'. ಊರೊಳಗೆ ಓಡಾಡಲು 'ಎಬಿ' ಸಾಕು, ಒಂದು ಟಿಕೆಟ್ ನಾಲ್ಕು ಯೂರೋ ಆಸುಪಾಸು. ಆದರೆ ವಿಮಾನ ನಿಲ್ದಾಣ ಇರುವುದು 'ಸಿ'ಯಲ್ಲಿ. ಬಂದಿಳಿದ ದಿನವೇ 'ಎಬಿ' ಟಿಕೆಟ್ ಕೊಂಡು ಸಿಕ್ಕಿಬೀಳುವವರು ಬಹಳ. ಅಲ್ಲಿಂದ 'ಎಬಿಸಿ'ಯೇ ಬೇಕು.

ಬೆಂಗಳೂರಿನಿಂದ ಬರುವವರು ಸಾಮಾನ್ಯವಾಗಿ ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ನಲ್ಲಿ ವಿಮಾನ ಬದಲಿಸುತ್ತಾರೆ. ಹಾಗೆ ಬಂದರೆ ಪಾಸ್‌ಪೋರ್ಟ್ ತಪಾಸಣೆ ಅಲ್ಲೇ ಮುಗಿಯುತ್ತದೆ, ಬರ್ಲಿನ್‌ನಲ್ಲಿ ಅಲ್ಲ. ಅಪ್ಪ ಅಮ್ಮ ಒಬ್ಬರೇ ಬರುತ್ತಿದ್ದರೆ ಇದನ್ನು ಚೆನ್ನಾಗಿ ಹೇಳಿಕಳಿಸಿ. ವಾಪಸ್ ಟಿಕೆಟ್, ಇನ್ಶೂರೆನ್ಸ್, ನಿಮ್ಮ ಮನೆ ವಿಳಾಸ, ಫೋನ್ ನಂಬರ್ ಎಲ್ಲ ಪ್ರಿಂಟ್ ಮಾಡಿ ಕೈಚೀಲದಲ್ಲಿ ಇರಲಿ, ದೊಡ್ಡ ಸೂಟ್‌ಕೇಸಿನಲ್ಲಿ ಬೇಡ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಫೋಟೋ ತೆಗೆಯುವ ಹೊಸ ಪದ್ಧತಿ ಬಂದಿದೆ. ಮುಂದಿನ ವಿಮಾನಕ್ಕೆ ಒಂದೇ ಗಂಟೆ ಇರುವ ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳಬೇಡಿ. ಎರಡೂವರೆ, ಮೂರು ಗಂಟೆ ಇದ್ದರೆ ವಯಸ್ಸಾದವರು ಓಡಬೇಕಿಲ್ಲ.

ಬರ್ಲಿನ್‌ನ ಈ ವಿಮಾನ ನಿಲ್ದಾಣ ತೆರೆದದ್ದು 2020ರ ಅಕ್ಟೋಬರ್ 31ರಂದು. ಹಳೇ ಬರಹಗಳಲ್ಲಿ ಟೇಗಲ್ ವಿಮಾನ ನಿಲ್ದಾಣ ಅಂತ ಓದಿದ್ದರೆ ಮರೆತುಬಿಡಿ, ಅದು ಆಮೇಲೆ ಎಂಟು ದಿನಕ್ಕೇ ಮುಚ್ಚಿತು. ರೈಲ್ವೆ ಸ್ಟೇಷನ್ ಟರ್ಮಿನಲ್ 1ರ ಕೆಳಗೇ ಇದೆ. ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಹತ್ತಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಹೌಪ್ಟ್‌ಬಾನ್‌ಹೋಫ್, ಅಂದರೆ ಊರಿನ ಮುಖ್ಯ ರೈಲ್ವೆ ಸ್ಟೇಷನ್, ಇಲ್ಲಿಯ ಮೆಜೆಸ್ಟಿಕ್. ಎಕ್ಸ್‌ಪ್ರೆಸ್ ಅಂತ ಜಾಸ್ತಿ ದುಡ್ಡಿಲ್ಲ, ಅದೇ 'ಎಬಿಸಿ' ಟಿಕೆಟ್ ಸಾಕು. ಟ್ಯಾಕ್ಸಿಗೆ ಸುರಿಯಬೇಡಿ.

ಊರು ನೋಡಲು ಮೊದಲ ದಿನ 100 ನಂಬರ್ ಬಸ್ ಹತ್ತಿ. ಟೂರ್ ಬಸ್ಸಲ್ಲ, ಮಾಮೂಲಿ ಸಿಟಿ ಬಸ್. ಝೂ ಸ್ಟೇಷನ್‌ನಿಂದ ಅಲೆಕ್ಸಾಂಡರ್‌ಪ್ಲಾಟ್ಸ್‌ವರೆಗೆ ವಿಜಯಸ್ತಂಭ, ಸಂಸತ್ತು ಸೇರುವ ರೈಷ್ಟಾಗ್ ಕಟ್ಟಡ, ಬ್ರಾಂಡೆನ್‌ಬುರ್ಗ್ ದ್ವಾರದ ಆಸುಪಾಸು ಎಲ್ಲ ದಾಟಿಕೊಂಡು ಹೋಗುತ್ತದೆ. ಡಬಲ್ ಡೆಕರ್ ಬಂದರೆ ಮೇಲಿನ ಮುಂದಿನ ಸೀಟು ಹಿಡಿಯಿರಿ. ರೈಷ್ಟಾಗ್‌ನ ಗಾಜಿನ ಗುಮ್ಮಟಕ್ಕೆ ದುಡ್ಡಿಲ್ಲ, ಮುಂಚೆಯೇ ಹೆಸರು ನೋಂದಾಯಿಸಬೇಕು, ಪಾಸ್‌ಪೋರ್ಟ್ ಜೊತೆಗಿರಬೇಕು. ಪೆರ್ಗಮಾನ್ ಮ್ಯೂಸಿಯಂ 2023ರ ಅಕ್ಟೋಬರ್‌ನಲ್ಲಿ ರಿಪೇರಿಗೆ ಮುಚ್ಚಿತು, ಹೋಗುವ ಮುನ್ನ ತೆರೆದಿದೆಯೋ ನೋಡಿಕೊಳ್ಳಿ.

ನನ್ನನ್ನು ಕೇಳಿದರೆ, ಎಲ್ಲಕ್ಕಿಂತ ಮುಂಚೆ ನಾರ್ಡ್‌ಬಾನ್‌ಹೋಫ್ ಸ್ಟೇಷನ್. 1961ರ ಆಗಸ್ಟ್ 13ರಿಂದ 1989ರ ನವೆಂಬರ್ 9ರವರೆಗೆ ಬರ್ಲಿನ್ ಗೋಡೆ ಈ ಊರನ್ನು ಪೂರ್ವ, ಪಶ್ಚಿಮ ಅಂತ ಸೀಳಿತ್ತು. ಪಶ್ಚಿಮದ ಕೆಲವು ರೈಲುಗಳು ಪೂರ್ವದ ಅಡಿಯಿಂದ ಹೋಗಬೇಕಿತ್ತು. ಆ ಸ್ಟೇಷನ್‌ಗಳಲ್ಲಿ ರೈಲು ನಿಧಾನ ಮಾಡುತ್ತಿತ್ತು, ನಿಲ್ಲುತ್ತಿರಲಿಲ್ಲ. ಮಂದ ಬೆಳಕಿನಲ್ಲಿ ಕಾವಲುಗಾರರು ಮಾತ್ರ. ಭೂತದ ಸ್ಟೇಷನ್ ಅಂತಲೇ ಹೆಸರು. ನಾರ್ಡ್‌ಬಾನ್‌ಹೋಫ್ ಅಂಥದ್ದೊಂದು. ಅಲ್ಲೇ ಒಳಗೆ ಈ ಕತೆಯ ಪ್ರದರ್ಶನವಿದೆ. ಹೊರಗೆ ಬಂದರೆ ಬೆರ್ನವರ್ ಬೀದಿಯ ಸ್ಮಾರಕ, ಅದಕ್ಕೂ ದುಡ್ಡಿಲ್ಲ. ದಂಡದ ಸಿಟ್ಟಿನಲ್ಲಿದ್ದ ಮಾವ ಅಲ್ಲಿ ಮಾತಿಲ್ಲದೆ ಅರ್ಧ ದಿನ ನಡೆದರು.

ಜರ್ಮನ್ ಕಲಿಯದಿದ್ದರೂ ಒಂದು ಪದ ಕಲಿಯಿರಿ: ಎರ್ಸಾಟ್ಸ್‌ಫೆರ್ಕೇರ್. ಹಳಿ ರಿಪೇರಿ ಇದ್ದಾಗ ರೈಲಿನ ಬದಲು ಬಸ್ ಓಡುತ್ತದೆ ಅಂತ ಅರ್ಥ. ವಾರಾಂತ್ಯದಲ್ಲಿ ಈ ಬೋರ್ಡ್ ಕಂಡರೆ ಅರ್ಧ ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಶುಕ್ರವಾರ, ಶನಿವಾರ ರಾತ್ರಿ ಯೂ-ಬಾನ್, ಎಸ್-ಬಾನ್ ಬೆಳಗಿನವರೆಗೂ ಓಡುತ್ತವೆ, ಉಳಿದ ದಿನ ನೈಟ್ ಬಸ್ಸೇ ಗತಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಹಾಲು, ಮೊಸರು ಶನಿವಾರವೇ ತನ್ನಿ. ಮರೆತರೆ ಹೌಪ್ಟ್‌ಬಾನ್‌ಹೋಫ್‌ನೊಳಗಿನ ಅಂಗಡಿಗೆ ಹೋಗಿ ಉದ್ದ ಸಾಲಿನಲ್ಲಿ ನಿಲ್ಲಬೇಕು.

ಕೊನೆಗೆ ಸೂಟ್‌ಕೇಸ್ ವಿಷಯ. ಹಾಲಿನ ಪದಾರ್ಥ ತರುವಂತಿಲ್ಲ: ತುಪ್ಪ, ಪೇಡ ಎಲ್ಲ ಅದರಲ್ಲೇ ಬಂತು. ಹಸಿ ಸೊಪ್ಪು, ಹಣ್ಣುಗಳಿಗೆ ಸರ್ಟಿಫಿಕೇಟ್ ಬೇಕು. ಬಾಳೆಹಣ್ಣು, ತೆಂಗಿನಕಾಯಿಗೆ ವಿನಾಯಿತಿ ಇದೆ, ಕರಿಬೇವಿಗೆ ಇಲ್ಲ. ಸಾರಿನ ಪುಡಿ, ಚಟ್ನಿ ಪುಡಿ, ಮೆಂತ್ಯದ ಹಿಟ್ಟು ಧಾರಾಳವಾಗಿ ತನ್ನಿ, ಪಕ್ಕದ ಮನೆಯ ಕನ್ನಡದವರಿಗೂ ಒಂದು ಪೊಟ್ಟಣ ಇರಲಿ. ಕರಿಬೇವು ಇಲ್ಲಿಯ ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತದೆ. ನಾಲ್ಕು ಕಡ್ಡಿಗೆ ಹೇಳುವ ರೇಟನ್ನು ಮಾತ್ರ ಮಾವನ ಮುಂದೆ ಹೇಳಬೇಡಿ.