ಶೋರೂಮಲ್ಲಿ ಟೀವಿ ತಗೊಳೋವಾಗ ಸೇಲ್ಸ್‌ನೋರನ್ನ ಸಂಭಾಳ್ಸೋದು ಹೇಗೆ

ಟೀವಿ ಸೆಕ್ಷನ್ನಲ್ಲಿ ಕಂಪನಿ ಟೀಶರ್ಟ್ ಹಾಕ್ಕೊಂಡು ನಿಂತಿರ್ತಾರಲ್ಲ, ಅವ್ರಲ್ಲಿ ತುಂಬಾ ಜನ ಅಂಗಡಿಯೋರೇ ಅಲ್ಲ, ಬ್ರ್ಯಾಂಡ್‌ನೋರು ಇಟ್ಟಿರೋ ಪ್ರಮೋಟರ್‌ಗಳು, ಟಾರ್ಗೆಟ್ ಇರತ್ತೆ, ಹಂಗಾಗಿ ನೀವು ಏನೇ ಕೇಳಿದ್ರೂ ಅವ್ರ ಟೀವಿ ಮುಂದೇನೇ ತಂದು ನಿಲ್ಲಿಸ್ತಾರೆ. ಬೈಬೇಡಿ, ಪಾಪ ದಿನವಿಡೀ ನಿಂತೇ ಇರ್ತಾರೆ. ಮನೇಲೇ ಮಾಡೆಲ್ ನಂಬರ್ ಬರ್ಕೊಂಡು ಹೋಗಿ, ಅದನ್ನೇ ಕೇಳಿ.

ಅಲ್ಲಿ ಪಿಕ್ಚರ್ ಝಗಮಗ ಅನ್ನೋದು ಡೆಮೋ ಮೋಡ್‌ನಿಂದ, ಅಂದ್ರೆ ಅಂಗಡೀಲಿ ಎದ್ದು ಕಾಣ್ಲಿ ಅಂತ ಬೆಳಕು, ಬಣ್ಣ ಜಾಸ್ತಿ ಮಾಡಿಟ್ಟಿರೋ ಸೆಟ್ಟಿಂಗ್. ರಿಮೋಟ್ ಇಸ್ಕೊಂಡು ಸ್ಟ್ಯಾಂಡರ್ಡ್ ಮೋಡ್‌ಗೆ ಹಾಕ್ಸಿ, ಯೂಟ್ಯೂಬಲ್ಲಿ ಯಾವ್ದಾದ್ರೂ ಕನ್ನಡ ನ್ಯೂಸ್ ಹಾಕಿ ನೋಡಿ, ನಿಜವಾದ ಬಣ್ಣ ಗೊತ್ತಾಗತ್ತೆ.

ಆಮೇಲೆ ಈ ನೋ ಕಾಸ್ಟ್ ಇಎಂಐ, ಅಂದ್ರೆ ಬಡ್ಡಿ ಇಲ್ಲ ಅಂತ ಹೇಳಿ ಕೊಡೋ ತಿಂಗಳ ಕಂತು. ಕ್ರೆಡಿಟ್ ಕಾರ್ಡಲ್ಲಿ ಸಾಮಾನ್ಯವಾಗಿ ಬಡ್ಡಿಯಷ್ಟು ಡಿಸ್ಕೌಂಟ್ ಮೊದ್ಲೇ ಕೊಟ್ಟು ಆಮೇಲೆ ಬ್ಯಾಂಕು ಬಡ್ಡಿ ಹಾಕತ್ತೆ, ಆ ಬಡ್ಡಿ ಮೇಲೆ 18% ಜಿಎಸ್‌ಟಿ, ಬಹಳಷ್ಟು ಸಲ ಪ್ರೊಸೆಸಿಂಗ್ ಫೀ ಬೇರೆ, ಸೋ "ಒಂದೇ ಸಲಕ್ಕೆ ಕಟ್ಟಿದ್ರೆ ಎಷ್ಟು ಬಿಡ್ತೀರ" ಅಂತ ಒಂದ್ಸಲ ಕೇಳೇ ಬಿಡಿ.

"ಇವತ್ತೇ ಲಾಸ್ಟ್ ಆಫರ್ ಸಾರ್" ಅಂದ್ರೆ ಕೊಟೇಶನ್ ಬರೆಸ್ಕೊಂಡು ಪಕ್ಕದ ಅಂಗಡಿಗೆ ಹೋಗಿ, ಎಷ್ಟೋ ಸಲ ಬಾಗ್ಲು ದಾಟೋ ಮುಂಚೇನೇ ರೇಟು ಇಳಿಯತ್ತೆ!

ಎಕ್ಸ್‌ಟೆಂಡೆಡ್ ವಾರಂಟಿ ಬೇಕಿದ್ರೆ ಸ್ಕ್ರೀನ್ ಒಡೆದ್ರೆ ಕವರ್ ಆಗತ್ತಾ ಅಂತ ಬರವಣಿಗೇಲಿ ನೋಡಿ, ಬಾಯ್ಮಾತು ನಂಬ್ಬೇಡಿ. ಬೇಡ ಅಂದ್ರೂ ಬಿಲ್ಲಿಗೆ ಸೇರ್ಸಿರ್ತಾರೆ ಕೆಲವ್ರು, ಅದಕ್ಕೆ ದುಡ್ಡು ಕೊಡೋಕ್ ಮುಂಚೆ ಒಂದೊಂದು ಸಾಲೂ ಓದಿ. ಆಮೇಲೆ ಸರ್ವಿಸ್‌ಗೆ ಸತಾಯಿಸಿದ್ರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಬಿಲ್ ಕೈಲಿಟ್ಕೊಂಡು ಫೋನ್ ಮಾಡಿ.