ಶರಾವತಿ ಹಿನ್ನೀರಿನಲ್ಲಿ ಎಕೋ ಸೌಂಡರ್: ನನ್ನ ಅನುಭವ

ಎಕೋ ಸೌಂಡರ್ ಅಂದರೆ ನೀರಿಗೆ ಸದ್ದು ಬಿಟ್ಟು, ಅದರ ಪ್ರತಿಧ್ವನಿಯಿಂದ ತಳದ ಆಳ ತೋರಿಸುವ ಯಂತ್ರ. ಅದನ್ನು ನೋಡಿ ಬಲೆ ಬಿಡುವುದನ್ನು ಕಲಿತದ್ದು ಮಲ್ಪೆಯ ಬೋಟಿನಲ್ಲಿ. ನಾವು ಹೋಗುತ್ತಿದ್ದ ಕಡೆ ಕಡಲ ತಳ ಒಂದೇ ಸಮ ಕೆಸರು. ಪರದೆಯಲ್ಲಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಊರಿಗೆ ಬಂದು ಹೊಳೆಬಾಗಿಲಿನ ಕಡೆ ನಮ್ಮ ಸಣ್ಣ ದೋಣಿಗೆ ಅಂಥದೇ ಯಂತ್ರ ಕೂರಿಸಿದಾಗ ಆ ಕಲಿಕೆ ಸಾಲಲಿಲ್ಲ. 1964ರ ಲಿಂಗನಮಕ್ಕಿ ಅಣೆಕಟ್ಟು ಮುಳುಗಿಸಿದ್ದು ಗುಡ್ಡ, ಕಾಡು, ಗದ್ದೆ, ತೋಟಗಳನ್ನು. ಮರದ ಬೊಡ್ಡೆಗಳು ಈಗಲೂ ನೀರಡಿಯಲ್ಲಿ ನಿಂತಿವೆ.

ಮೊದಲ ಬೇಸಿಗೆಯಲ್ಲೇ ಪೆಟ್ಟು ತಿಂದೆ. ಯಂತ್ರದ ಸೆಟ್ಟಿಂಗೆಲ್ಲ ತಾನಾಗಿಯೇ ಹೊಂದಿಕೊಳ್ಳುವ ಆಟೋ ಮೋಡ್‌ನಲ್ಲಿತ್ತು. ದಡದ ಹತ್ತಿರ ನಾಲ್ಕು ಮೀಟರ್ ಅಂತ ತೋರಿಸುವಾಗಲೇ ಪ್ರೊಪೆಲ್ಲರ್ ಬೊಡ್ಡೆಗೆ ಬಡಿಯಿತು. ಗಳ ಇಳಿಸಿದರೆ ನೀರು ಎರಡೇ ಮೀಟರ್! ತಳದಿಂದ ಮರಳಿದ ಸದ್ದು ನೀರಿನ ಮೇಲ್ಮೈಗೆ ತಾಗಿ ಮತ್ತೊಮ್ಮೆ ತಳ ಮುಟ್ಟಿ ಬಂದಿತ್ತು. ಯಂತ್ರ ಆ ಎರಡನೇ ಪ್ರತಿಧ್ವನಿಯನ್ನೇ ತಳವೆಂದು ಹಿಡಿದಿತ್ತು.

ಅಂದಿನಿಂದ ದಡದ ಬಳಿ ರೇಂಜ್, ಅಂದರೆ ಪರದೆ ತೋರಿಸುವ ಆಳದ ಮಿತಿಯನ್ನು, ಕೈಯಲ್ಲೇ 10 ಮೀಟರಿಗೆ ಇಡುತ್ತೇನೆ. ಗೇನನ್ನು, ಅಂದರೆ ಪ್ರತಿಧ್ವನಿಯನ್ನು ಹಿಗ್ಗಿಸುವ ಮಟ್ಟವನ್ನು, ಪರದೆ ತುಂಬ ಚುಕ್ಕಿ ಏಳುವ ತನಕ ಏರಿಸಿ, ಚುಕ್ಕಿ ಅಳಿಯುವಷ್ಟೇ ಇಳಿಸುತ್ತೇನೆ. ಅದಕ್ಕಿಂತ ಇಳಿಸಿದರೆ ಪರದೆ ಚೊಕ್ಕಟವಾಗುತ್ತದೆ, ಆದರೆ ಬೊಡ್ಡೆಗಳೂ ಮಾಯ. ಸದ್ದು ಬಿಟ್ಟು ಹಿಡಿಯುವ ಟ್ರಾನ್ಸ್‌ಡ್ಯೂಸರ್ ನೀರೊಳಗೆ 30 ಸೆಂಟಿಮೀಟರ್ ಇರುವುದರಿಂದ ಅಷ್ಟನ್ನು ಅಳತೆ ಸರಿದೂಗಿಸುವ ಆಫ್‌ಸೆಟ್‌ನಲ್ಲಿ ಸೇರಿಸಿದೆ. ಉಪ್ಪುನೀರಿನ ಸೆಟ್ಟಿಂಗ್ ಸಿಹಿನೀರಿಗೆ ಬದಲಿಸಿದೆ. ಸಿಹಿನೀರಲ್ಲಿ ಸದ್ದು ತುಸು ನಿಧಾನ, ಬದಲಿಸದಿದ್ದರೆ ಆಳ ಸ್ವಲ್ಪ ಹೆಚ್ಚು ಕಾಣುತ್ತದೆ. ಕೊನೆಗೆ ಕಲ್ಲು ಕಟ್ಟಿದ ಹಗ್ಗ ಇಳಿಸಿ ತಾಳೆ ನೋಡಿದೆ. ಹಗ್ಗದ ಸಾಕ್ಷಿಯಿಲ್ಲದೆ ಯಾವ ಅಂಕಿಯನ್ನೂ ನಾನು ನಂಬುವುದಿಲ್ಲ.

ಹೆಚ್ಚು ಕಾಡಿದ್ದು ಇಳಿಜಾರು. 50 ಕಿಲೋಹರ್ಟ್ಸ್‌ನಲ್ಲಿ ಸದ್ದು ಅಗಲವಾಗಿ ಹರಡುತ್ತದೆ. ಕಣಿವೆಯ ಮೇಲೆ ನಿಂತರೂ ಪಕ್ಕದ ಗುಡ್ಡದ ಮೈಯೇ ಮೊದಲು ಉತ್ತರಿಸುತ್ತದೆ. ಹಾಗಾಗಿ ಕಣಿವೆ ಇರುವುದಕ್ಕಿಂತ ಮೇಲೆ ಕಾಣುತ್ತದೆ. ಸದ್ದು ಕಿರಿದಾಗಿ ಹೋಗುವ 200 ಕಿಲೋಹರ್ಟ್ಸ್‌ಗೆ ತಿರುಗಿಸಿದ ಮೇಲೆ ಅಡಿಯ ನೆಲ ಸರಿಯಾಗಿ ಸಿಕ್ಕಿತು. ಇನ್ನೊಂದು ಮಾತು: ಪರದೆಯ ಬಲಗಡೆಯ ಅಂಚು ಮಾತ್ರ ಈಗಿನದು, ಉಳಿದದ್ದೆಲ್ಲ ದಾಟಿ ಬಂದದ್ದು. ದೋಣಿ ನಿಂತಿದ್ದರೆ ಎಂಥ ಏರುತಗ್ಗೂ ಸಪಾಟಾಗಿಯೇ ಕಾಣುತ್ತದೆ.

ಗಟ್ಟಿ ನೆಲ ದಪ್ಪ ಕೆಂಪು ಪಟ್ಟಿಯಾಗಿ, ಮೆತ್ತನೆ ಹೂಳು ತೆಳ್ಳಗೆ ಮಸುಕಾಗಿ ಬರುತ್ತದೆ. ಒಮ್ಮೆ ಕೆಂಪು ಪಟ್ಟಿ ತಟ್ಟನೆ ತೆಳುವಾದಾಗ ಜೊತೆಗಿದ್ದ ಚಿಕ್ಕಪ್ಪ ಎದುರು ದಡದ ಗುಡ್ಡದ ಗುರುತು ಹಿಡಿದು, “ಜಂಬಿಟ್ಟಿಗೆ ದರೆ ಮುಗೀತು ಕಣೋ, ಇನ್ನು ನಮ್ಮ ಗದ್ದೆ ಬಯಲು” ಅಂದರು. ಬಲೆಯನ್ನು ಅಲ್ಲೇ ಬಿಟ್ಟೆವು.