ವಿಟಮಿನ್ ಮಾತ್ರೆಯಿಂದ ಸ್ಟ್ರೋಕ್ ತಪ್ಪುತ್ತಾ? ನಂಬುವ ಮೊದಲು ಹೀಗೆ ನೋಡಿ

ನಮ್ಮ ಸಂಬಂಧಿಕರೊಬ್ಬರು ಬಿಪಿ ಮಾತ್ರೆ ಬಿಟ್ಟು ವಿಟಮಿನ್ ಇ ನುಂಗುತ್ತಿದ್ದರು. ಕೇಳಿದ್ದಕ್ಕೆ, 'ಇದು ತಗೊಂಡ್ರೆ ಲಕ್ವಾ ಹೊಡೆಯೋದಿಲ್ಲವಂತೆ' ಅಂದರು. ಆ 'ಅಂತೆ'ಯನ್ನು ಪರೀಕ್ಷಿಸುವುದು ಕಷ್ಟವೇನಲ್ಲ.

ಮೊದಲು ಡಬ್ಬಿ ತಿರುಗಿಸಿ. ಯಾವ ವಿಟಮಿನ್, ಎಷ್ಟಿದೆ ಅನ್ನುವುದು ಹಿಂದಿನ ಸಣ್ಣ ಅಕ್ಷರಗಳಲ್ಲಿರುತ್ತದೆ. ಮುಂದಿರುವುದು ಬರೀ ಜಾಹೀರಾತು.

ಎರಡನೆಯದು, ಯಾವ ಸ್ಟ್ರೋಕ್ ಅಂತ ಕೇಳಿ. ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವುದು ಒಂದು ಬಗೆ, ಒಡೆದು ರಕ್ತ ಸೋರುವುದು ಇನ್ನೊಂದು. ವಿಟಮಿನ್ ಇ ಕುರಿತ ಪ್ರಯೋಗಗಳನ್ನು 2010ರಲ್ಲಿ ಒಟ್ಟಿಗೆ ಲೆಕ್ಕ ಹಾಕಿದಾಗ, ಮೊದಲ ಬಗೆಯದು ಶೇ 10ರಷ್ಟು ಕಡಿಮೆಯಾಗಿತ್ತು, ಎರಡನೆಯದು ಶೇ 22ರಷ್ಟು ಜಾಸ್ತಿಯಾಗಿತ್ತು. ರಕ್ತ ಸೋರುವ ಸ್ಟ್ರೋಕೇ ಹೆಚ್ಚು ಮಾರಕ. ಹಾಗಾಗಿ ಸ್ಟ್ರೋಕ್ ತಡೆಯಲೆಂದು ವಿಟಮಿನ್ ಇ ತಗೊಳ್ಳಲೇಬೇಡಿ.

ಮೂರನೆಯದರಲ್ಲೇ ಎಲ್ಲರೂ ಎಡವುವುದು. 'ಬಿ ವಿಟಮಿನ್ ಹೋಮೋಸಿಸ್ಟೀನ್ ಇಳಿಸುತ್ತದೆ' ಅನ್ನುತ್ತಾರೆ. ಹೋಮೋಸಿಸ್ಟೀನ್ ಅಂದರೆ ರಕ್ತದಲ್ಲಿರುವ ಒಂದು ಅಮೈನೋ ಆಮ್ಲ, ಅದು ಹೆಚ್ಚಿದ್ದವರಲ್ಲಿ ಸ್ಟ್ರೋಕ್ ಜಾಸ್ತಿ ಕಾಣುತ್ತದೆ. ನಿಜ, ಇಳಿಸುತ್ತದೆ. ಆದರೆ ಲ್ಯಾಬ್ ರಿಪೋರ್ಟಿನ ಅಂಕಿ ಇಳಿದರೆ ಕಾಯಿಲೆ ತಪ್ಪಿತು ಅಂತಲ್ಲ. ಈಗಾಗಲೇ ಸ್ಟ್ರೋಕ್ ಆದವರಿಗೆ ಹೆಚ್ಚು ಪ್ರಮಾಣದಲ್ಲಿ ಕೊಟ್ಟು ನೋಡಿದ 2004ರ ಪ್ರಯೋಗದಲ್ಲಿ ಅಂಕಿ ಇಳಿಯಿತು, ಮತ್ತೆ ಸ್ಟ್ರೋಕ್ ಆಗುವುದು ಕಡಿಮೆಯಾಗಲಿಲ್ಲ.

ಹಾಗಾದರೆ ಬಿ ವಿಟಮಿನ್‌ಗಳಲ್ಲೊಂದಾದ ಫೋಲಿಕ್ ಆಮ್ಲದಿಂದ ಸ್ಟ್ರೋಕ್ 'ಶೇ 21 ಕಡಿಮೆ' ಅನ್ನುವುದು ಸುಳ್ಳಾ? ಅಲ್ಲ. 2015ರಲ್ಲಿ ಪ್ರಕಟವಾದ ಚೀನಾದ ಪ್ರಯೋಗದ್ದು ಅದು. ಅದರಲ್ಲಿದ್ದವರು ಬಿಪಿ ಇದ್ದ 20 ಸಾವಿರಕ್ಕೂ ಹೆಚ್ಚು ಜನ. ಶೇಕಡಾ ಬಿಟ್ಟು ತಲೆ ಎಣಿಸಿ. ನಾಲ್ಕೂವರೆ ವರ್ಷದಲ್ಲಿ ಸಾವಿರಕ್ಕೆ 34 ಜನರಿಗೆ ಆಗುತ್ತಿದ್ದ ಸ್ಟ್ರೋಕ್ 27 ಜನರಿಗೆ ಆಯಿತು. ಏಳು ಜನ ಉಳಿದದ್ದು ಸಣ್ಣ ಮಾತಲ್ಲ. ಆದರೆ ಅಲ್ಲಿ ಹಿಟ್ಟಿಗೆ ಫೋಲಿಕ್ ಆಮ್ಲ ಬೆರೆಸುವ ಪದ್ಧತಿ ಇರಲಿಲ್ಲ. ದೇಹದಲ್ಲಿ ಅದು ಮೊದಲೇ ಕಡಿಮೆ ಇದ್ದವರಿಗೇ ಲಾಭ ಜಾಸ್ತಿ. ಇನ್ನೊಂದು ಮುಖ್ಯ ವಿಷಯ, ಫೋಲಿಕ್ ಆಮ್ಲ ಕೊಟ್ಟವರು, ಕೊಡದವರು, ಎರಡೂ ಗುಂಪಿನವರು ಬಿಪಿ ಮಾತ್ರೆ ತಗೊಳ್ಳುತ್ತಲೇ ಇದ್ದರು. ಅದನ್ನು ಬಿಟ್ಟು ಇದನ್ನು ನುಂಗಿದವರಲ್ಲ.

ವಿಟಮಿನ್ ಡಿ? ಸುಮಾರು 26 ಸಾವಿರ ಜನರ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿದರು. ಸ್ಟ್ರೋಕ್ ತಗ್ಗಲಿಲ್ಲ.

ಕೊನೆಯದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಔಷಧ ತಗೊಳ್ಳುವವರಿಗೆ. ಸುಮ್ನೆ ಹೆಸರು ಹೇಳಿದರೆ ಸಾಲದು, ಡಬ್ಬಿಯನ್ನೇ ವೈದ್ಯರ ಮುಂದಿಡಿ. ವಿಟಮಿನ್ ಕೆ ಆ ಔಷಧದ ಕೆಲಸ ಕೆಡಿಸುತ್ತದೆ. ಎಷ್ಟೋ ಮಲ್ಟಿವಿಟಮಿನ್‌ಗಳಲ್ಲಿ ಅದು ಇರುತ್ತದೆ, ಹಿಂದಿನ ಅದೇ ಸಣ್ಣ ಅಕ್ಷರಗಳಲ್ಲಿ.